ಮಂಚದ ಕೆಳಗಿನ ಮೇಷ್ಟ್ರು

ಜೂನ್ ೯

ಅಮ್ಮಾ,

ಬಂದು ತಲುಪಿದೆ. ಬಸ್ಸಿನಲ್ಲಿ ಎರಡು ಸಲ ವಾಂತಿ ಮಾಡಿದೆ. ಎರಡೂ ಸಲ ಕಿಟಕಿಯ ಹೊರಗೆ, ಆದ್ದರಿಂದ ಮರ್ಯಾದೆ ಉಳಿಯಿತು. ನಮ್ಮ ಕಸರತ್ತು ತಂಡದ ಮಕ್ಕಳನ್ನೆಲ್ಲ ಒಂದು ಹಳೆಯ ಶಾಲೆಯ ಮೇಲ್ಮಹಡಿಯಲ್ಲಿ ಇಟ್ಟಿದ್ದಾರೆ. ಉದ್ದನೆಯ ಒಂದೇ ಕೋಣೆ, ಸಾಲಾಗಿ ಕಬ್ಬಿಣದ ಮಂಚಗಳು. ನನ್ನ ಪಾಲಿಗೆ ಬಂದದ್ದು ಅಲುಗಾಡುವ ಮಂಚ. ಸ್ನಾನದ ನೀರು ತಣ್ಣಗೆ ಕೊರೆಯುತ್ತದೆ. ಸೂಪಿನಲ್ಲಿ ಆಲೂಗಡ್ಡೆ ಎಲ್ಲಿದೆ ಎಂದು ದುರ್ಬೀನು ಹಾಕಿ ಹುಡುಕಬೇಕು.

ಎಲ್ಲರಿಗಿಂತ ಚಿಕ್ಕವಳನ್ನು ಗುಬ್ಬಿ ಅನ್ನುತ್ತಾರೆ. ಗೋಪುರ ಕಟ್ಟುವಾಗ ಅವಳು ನನ್ನ ಹೆಗಲ ಮೇಲೆ ನಿಲ್ಲಬೇಕು. ನಿಲ್ಲುತ್ತಾಳೆ, ಆದರೆ ಅಳುತ್ತಲೇ ನಿಲ್ಲುತ್ತಾಳೆ. ಅವಳ ಕಣ್ಣೀರು ಮೂಗಿನ ನೀರು ಎರಡೂ ನನ್ನ ತಲೆಗೆ.

ನಮ್ಮನ್ನು ನೋಡಿಕೊಳ್ಳುವ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡಮ್ಮ ಎಂದು ಕರೆಯುತ್ತಾರೆ. ಕೆಟ್ಟವರಲ್ಲ. ಮನೆಗೆ ಫೋನ್ ಮಾಡಲು ಬಿಡುವುದಿಲ್ಲ, ಅಷ್ಟೇ. "ಫೋನಲ್ಲಾದ್ರೆ ಎರಡೂ ಕಡೆ ಅಳು ಶುರುವಾಗುತ್ತೆ. ಕಾಗದ ಬರೀರಿ, ಬರೆಯೋ ಹೊತ್ತಿಗೆ ಅರ್ಧ ಅಳು ಮುಗಿದಿರುತ್ತೆ" ಅನ್ನುತ್ತಾರೆ.

ಭಾನುವಾರ ಇಲ್ಲಿ ಪ್ರಾಣಿಗಳ ಭೇಟಿ. ಮನೆ ನೆನಪಾಗಿ ಮಂಕಾದ ಮಕ್ಕಳು ಸವರಲಿ ಎಂದು ಊರಿನ ಕೆಲವರು ತಮ್ಮ ಸಾಕುಪ್ರಾಣಿಗಳನ್ನು ತರುತ್ತಾರೆ. ಈ ಸಲ ಒಂದು ಮೊಲ, ಒಂದು ಮುದಿ ಬೆಕ್ಕು, ಒಂದು ದಪ್ಪ ಬಿಳಿ ನಾಯಿ ಬಂದಿದ್ದವು. ನಾನು ಮುಟ್ಟಲಿಲ್ಲ. ಬೇರೆ ನಾಯಿ ಮುಟ್ಟಿದ ಕೈಯನ್ನು ನಮ್ಮ ಮೇಷ್ಟ್ರು ಮೂಸಿ ನೋಡಿ ಮುಖ ತಿರುಗಿಸಿಬಿಡುತ್ತಾರೆ, ಗೊತ್ತಲ್ಲ. ನಾಯಿಗೆ ಮೇಷ್ಟ್ರು ಅಂತ ಹೆಸರೇ ಎಂದು ಇಲ್ಲಿಯವರು ನಕ್ಕರು. ನಾನು ತಲೆಕೆಳಗಾಗಿ ಕೈಮೇಲೆ ನಿಂತಾಗಲೆಲ್ಲ ಎಲ್ಲಿದ್ದರೂ ಓಡಿಬಂದು, ಎದುರು ಕೂತು, ಪರೀಕ್ಷೆ ಕೋಣೆಯ ಮೇಷ್ಟ್ರ ಹಾಗೆ ಗುರಾಯಿಸಿ, ಕೊನೆಗೆ ಮೂಗು ನೆಕ್ಕಿ ಪಾಸು ಮಾಡುವ ನಾಯಿಗೆ ಇನ್ನೇನು ಹೆಸರಿಡಬೇಕಿತ್ತು ಎಂದು ಕೇಳಿದೆ. ಈಗ ಇಲ್ಲಿಯವರೂ ಮೇಷ್ಟ್ರು ಅಂತಲೇ ಅನ್ನುತ್ತಾರೆ.

ಮೇಷ್ಟ್ರು ಊಟ ಮಾಡುತ್ತಿದ್ದಾರಾ? ನಾನು ಹೊರಟಾಗ ಬಾಗಿಲ ಹತ್ತಿರ ಕೂತಿದ್ದರಲ್ಲ, ಅದೇ ಕಣ್ಣಿಗೆ ಕಟ್ಟಿದೆ. ಎಲ್ಲ ಬರಿ.

ಇಂತಿ ನಿನ್ನ ಕೋತಿ

ಜೂನ್ ೨೦

ನನ್ನ ಕೋತಿಗೆ,

ಕಾಗದ ಅಂಗಡಿಗೇ ಬಂತು. ನಾನು ಒಬ್ಬ ಗಿರಾಕಿಯ ಪ್ಯಾಂಟಿನ ಸೊಂಟದ ಹೊಲಿಗೆ ಬಿಚ್ಚುತ್ತಿದ್ದೆ. ಮಾಲೀಕರು, "ಮಗಳು ಬರೆದಿದ್ದಾಳೆ, ಮೊದ್ಲು ಓದ್ಕೊಳಮ್ಮ. ಅವರ ಹೊಟ್ಟೆ ಎಲ್ಲೂ ಓಡಿಹೋಗಲ್ಲ" ಅಂದರು. ಹೊಲಿಗೆ ಯಂತ್ರದ ಮೇಲೆ ಹರವಿಕೊಂಡು ಎರಡು ಸಲ ಓದಿದೆ.

ನಿಮ್ಮ ದೊಡ್ಡಮ್ಮನಿಂದ ಎಲ್ಲ ಹೆತ್ತವರಿಗೂ ಒಂದು ಚೀಟಿ ಬಂದಿದೆ. ಎತ್ತರದಲ್ಲಿ ಆಡುವ ಮಕ್ಕಳ ಮನಸ್ಸು ಹಗುರವಾಗಿರಬೇಕಂತೆ. ಪ್ರವಾಸ ಮುಗಿಯುವ ತನಕ ಮನೆಯಿಂದ ಬರೀ ಒಳ್ಳೆಯ ಸುದ್ದಿ ಬರೆಯಬೇಕಂತೆ. ನನ್ನ ಬಾಯಿ ನಿನಗೆ ಗೊತ್ತು, ಒಳ್ಳೆಯ ಸುದ್ದಿಯನ್ನೂ ಬೈದೇ ಹೇಳುವವಳು. ಆದರೂ ಪ್ರಯತ್ನಪಡುತ್ತೇನೆ.

ಅಡುಗೆಮನೆಯ ನಲ್ಲಿ ಸರಿಹೋಯಿತು. ಕೆಳಗಿನ ಮನೆಯವರು ಜಗಳ ಬಿಟ್ಟಿದ್ದಾರೆ, ಈ ವಾರ ಮೆಟ್ಟಿಲಲ್ಲಿ ಎದುರಾದಾಗ ನಕ್ಕರು ಕೂಡ. ಮೇಷ್ಟ್ರು ಎರಡು ದಿನ ಮುನಿಸಿಕೊಂಡಿದ್ದರು. ಆಮೇಲೆ ಹೊಟ್ಟೆ ತಾಳ ಹಾಕಿತು ನೋಡು, ಈಗ ನಿನ್ನ ಪಾಲನ್ನೂ ಸೇರಿಸಿ ತಿನ್ನುತ್ತಾರೆ. ನಿನ್ನ ಮಂಚದ ಕೆಳಗೇ ಮಲಗುತ್ತಾರೆ, ನಿನ್ನ ಹಳೆಯ ಚಪ್ಪಲಿಯ ಮೇಲೆ ಗದ್ದ ಇಟ್ಟುಕೊಂಡು. ಅವರ ಯೋಚನೆ ಬಿಡು, ಕೈಕಾಲಿನ ಮೇಲೆ ಗಮನವಿಡು.

ಹೊಟ್ಟೆ ತುಂಬ ತಿನ್ನು.

ನಿನ್ನ ಅಮ್ಮ

ಜುಲೈ ೬

ಅಮ್ಮಾ,

ಎರಡನೆಯ ಊರು. ಈ ಸಲ ಮಂಚ ಗಟ್ಟಿಯಿದೆ, ಹಾಸಿಗೆ ಇನ್ನೂ ಗಟ್ಟಿಯಿದೆ. ಸೂಪು ಅದೇ, ಪಾತ್ರೆ ಮಾತ್ರ ಬೇರೆ.

ನಿನ್ನ ಕಾಗದವನ್ನು ನಾನೊಬ್ಬಳೇ ಓದುವುದಿಲ್ಲ ಈಗ. ಗುಬ್ಬಿ ಬಂದು ನನ್ನ ಹೊದಿಕೆಯೊಳಗೆ ತೂರಿಕೊಂಡು, "ಮೇಷ್ಟ್ರ ಜಾಗ ಓದಕ್ಕಾ" ಅನ್ನುತ್ತಾಳೆ. ಮಂಚದ ಕೆಳಗೆ ಮಲಗುತ್ತಾರೆ ಎಂಬ ಸಾಲನ್ನು ಅವಳಿಗೆ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಅದನ್ನು ಕೇಳಿದರೆ ಅವಳಿಗೆ ನಿದ್ದೆ ಬರುತ್ತದೆ. ಬೇರೆ ಮಕ್ಕಳೂ ಬಂದು ಕೂರುತ್ತಾರೆ. ಇನ್ನೂ ಜಾಸ್ತಿ ಬರಿ.

ಕೋಚ್ ಈಗ ನನ್ನನ್ನು ಎತ್ತರದ ಹಲಗೆಯ ಮೇಲೆ ಕೈಮೇಲೆ ನಿಲ್ಲಿಸುತ್ತಿದ್ದಾರೆ. ಕಾಲು ಓಲುತ್ತದೆ. "ಎದುರುಗಡೆ ಒಂದು ಗುರುತು ಇಟ್ಕೊಂಡು ಅದನ್ನೇ ನೋಡು" ಅನ್ನುತ್ತಾರೆ. ನಾನು ಅಲ್ಲಿ ಮೇಷ್ಟ್ರು ಕೂತಿದ್ದಾರೆ ಅಂದುಕೊಳ್ಳುತ್ತೇನೆ, ಓಲಾಟ ನಿಲ್ಲುತ್ತದೆ. ಯಾರಿಗೂ ಹೇಳಬೇಡ.

ಪ್ರಾಣಿಗಳ ಭೇಟಿ ಇಲ್ಲೂ ಇತ್ತು. ಈಗಲೂ ಮುಟ್ಟಲಿಲ್ಲ. ನನಗೆ ಮನೆ ತುಂಬಾ ನೆನಪಾಗುತ್ತದೆ, ಅಮ್ಮ. ಆದರೆ ಮನೆ ಇದ್ದಲ್ಲೇ ಇದೆಯಲ್ಲ, ಅದೇ ಸಮಾಧಾನ.

ನಿನ್ನ ಕೋತಿ

ಜುಲೈ ೧೮

ನನ್ನ ಕೋತಿಗೆ, ಗುಬ್ಬಿಗೆ, ಮತ್ತು ಕೇಳಲು ಕೂತ ಎಲ್ಲ ಮರಿಗಳಿಗೆ,

ಮೇಷ್ಟ್ರನ್ನು ಮೊನ್ನೆ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಕತ್ತರಿಸಿದ ಬಟ್ಟೆಯ ರಾಶಿಯ ಮೇಲೆ ಮಲಗಿದ್ದರು. ಅಷ್ಟರಲ್ಲಿ ಒಬ್ಬ ದಢೂತಿ ಗಿರಾಕಿ ಹೊಸ ಪ್ಯಾಂಟು ಹಾಕಿಕೊಂಡು, ಉದ್ದ ಸರಿಯಾಗಿದೆಯೇ ಎಂದು ನೋಡಲು ಬಗ್ಗಿದ. ಮುಖ ತಲೆಕೆಳಗಾಯಿತಲ್ಲ, ಮೇಷ್ಟ್ರಿಗೆ ಕರ್ತವ್ಯ ನೆನಪಾಯಿತು. ಓಡಿಹೋಗಿ ಎದುರು ಕೂತು, ಗುರಾಯಿಸಿ, ಮೂಗು ನೆಕ್ಕಿ ಪಾಸು ಮಾಡಿಯೇಬಿಟ್ಟರು. ಆ ಮನುಷ್ಯ ಬೆಚ್ಚಿ ನೆಟ್ಟಗಾದ ರಭಸಕ್ಕೆ ಪ್ಯಾಂಟಿನ ಹಿಂಬದಿ ಹೊಲಿಗೆ ಬಿಟ್ಟಿತು. ಮಾಲೀಕರು, "ಇದು ನಾಯಿ ತಪ್ಪಲ್ಲ, ಹೊಲಿಗೆ ತಪ್ಪು" ಎಂದು ನನಗೇ ಬೈದರು.

ನೀನಿಲ್ಲದೆ ಸಂಜೆ ಬೀಗ ತೆಗೆಯುವಾಗ… ಈ ಸಾಲನ್ನು ಹೊಡೆದುಹಾಕಿದ್ದೇನೆ, ಓದಬೇಡ. ಅದು ಒಳ್ಳೆಯ ಸುದ್ದಿಯಲ್ಲ.

ಮೇಷ್ಟ್ರು ಚೆನ್ನಾಗಿದ್ದಾರೆ.

ನಿನ್ನ ಅಮ್ಮ

ಆಗಸ್ಟ್ ೧೧

ಅಮ್ಮಾ,

ಮುಂದಿನ ಊರಿನ ರಂಗಮಂದಿರದ ಚಾವಣಿ ಕುಸಿದಿದೆಯಂತೆ. ಹಾಗಾಗಿ ನಮ್ಮ ಪಟ್ಟಿಯಲ್ಲೇ ಇಲ್ಲದ ಬೇರೊಂದು ಊರಿಗೆ ಬಂದಿದ್ದೇವೆ. ಇಲ್ಲಿಂದ ನಮ್ಮ ಮನೆ ಅರ್ಧ ದಿನದ ದಾರಿ ಎಂದು ಬಸ್ಸಿನ ಡ್ರೈವರ್ ಹೇಳಿದರು.

ಇಲ್ಲಿ ಭೇಟಿಗೆ ಪ್ರಾಣಿಗಳನ್ನು ತರುವ ಹೆಂಗಸನ್ನು ಮಕ್ಕಳು ನಾಯಿ ಅಕ್ಕ ಅನ್ನುತ್ತಾರೆ, ಅವರಿಗೂ ಬೇಸರವಿಲ್ಲ. ಆಸ್ಪತ್ರೆ, ಮಕ್ಕಳ ತಂಡಗಳು ಎಂದು ಸುತ್ತಲಿನ ಊರುಗಳನ್ನೆಲ್ಲ ಸುತ್ತುತ್ತಾರೆ. ಮೊದಲೇ ಒಂದು ಮಾತು ಹೇಳಿದರು: "ಭೇಟಿಗೆ ಬರೋ ನಾಯಿ ಎಲ್ಲರದ್ದು. ಒಬ್ಬರಿಗೇ ಅಂಟಿಕೊಂಡ್ರೆ ಅದು ಈ ಕೆಲಸಕ್ಕಾಗಲ್ಲ, ಮನೇಲಿ ಬಿಟ್ಟುಬಿಡ್ತೀನಿ."

ಮೂರು ನಾಯಿ ತಂದಿದ್ದರು. ಅದರಲ್ಲಿ ಒಂದರ ಹೆಸರು ಸಕ್ಕರೆ. ಕಂದು ಬಣ್ಣ, ಎಡಗಿವಿಯ ತುದಿ ಹರಿದಿದೆ. ನೀಲಿ ಬಟ್ಟೆಯ ಅಂಗಿ ತೊಡಿಸಿದ್ದರು, ಬೆನ್ನ ಮೇಲೆ ಬಿಸ್ಕತ್ತು ಇಡುವ ಜೇಬು. ಜೇಬಿನ ಮೂಲೆಗಳಿಗೆ ಎರಡೆರಡು ಹೊಲಿಗೆ ಹಾಕಿ ಭದ್ರ ಮಾಡಿತ್ತು. ಹೊಲಿದವರ ಕೈ ಒಳ್ಳೆಯದು.

ನಮ್ಮ ಮೇಷ್ಟ್ರು ಈಗ ಎಲ್ಲಿದ್ದಾರೆ, ಅಮ್ಮ? ಇವತ್ತು, ನೀನು ಇದನ್ನು ಓದುವ ದಿನ, ಎಲ್ಲಿದ್ದಾರೆ? ದೊಡ್ಡಮ್ಮನ ಚೀಟಿ ಮರೆತುಬಿಡು. ಏನಿದ್ದರೂ ಬರಿ. ನಾನು ಬೀಳುವುದಿಲ್ಲ.

ನಿನ್ನ ಕೋತಿ

ಆಗಸ್ಟ್ ೨೨

ನನ್ನ ಕೋತಿಗೆ,

ಇದೇನು ಪೊಲೀಸರ ಹಾಗೆ ವಿಚಾರಣೆ. ಎಲ್ಲಿರುತ್ತಾರೆ? ಇಲ್ಲೇ, ಇದನ್ನು ಬರೆಯುತ್ತಿರುವಾಗ ನನ್ನ ಕಾಲಬುಡದಲ್ಲಿ. ಬೆಳಿಗ್ಗೆ ಬ್ರೆಡ್ಡು ತಿಂದರು, ನೀರು ಕುಡಿದರು, ಬಾಲ್ಕನಿಯಲ್ಲಿ ಪಾರಿವಾಳದ ಜೊತೆ ಜಗಳವಾಡಿ ಬಂದು ಬಿದ್ದುಕೊಂಡಿದ್ದಾರೆ. ಸ್ವಲ್ಪ ದಪ್ಪಗಾಗಿದ್ದಾರೆ.

ಒಂದೇ ರೂಪದ ಮನುಷ್ಯರು ಜಗತ್ತಿನಲ್ಲಿ ಏಳು ಜನ ಇರುತ್ತಾರಂತೆ. ನಾಯಿಗಳಲ್ಲಿ ಎಪ್ಪತ್ತಾದರೂ ಇರಬೇಡವೇ? ಕಂದು ನಾಯಿಗೆ, ಹರಿದ ಕಿವಿಗೆ ಏನು ಬರವೇ? ಎರಡೆರಡು ಹೊಲಿಗೆ ಹಾಕುವ ದರ್ಜಿಗಳೂ ನಾನೊಬ್ಬಳೇ ಅಲ್ಲ. ನಿನ್ನ ಹಳೆಯ ನೀಲಿ ಅಭ್ಯಾಸದ ಅಂಗಿ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಹಾಗೇ ಇದೆ.

ಮನೆ ನೆನಪಾದಾಗ ಎಲ್ಲ ನಾಯಿಯೂ ನಮ್ಮ ನಾಯಿಯ ಹಾಗೇ ಕಾಣುತ್ತದೆ ಮಗಳೇ. ಮನಸ್ಸು ಗಟ್ಟಿ ಮಾಡಿಕೋ. ಮೇಷ್ಟ್ರು ನಿನ್ನ ಮಂಚದ ಕೆಳಗೇ ಮಲಗುತ್ತಾರೆ.

ನಿನ್ನ ಅಮ್ಮ

ಸೆಪ್ಟೆಂಬರ್ ೩

ಅಮ್ಮ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನನ್ನ ಹಳೆಯ ಅಂಗಿಯ ಮಾತನ್ನು ನಾನು ಎತ್ತಿಯೇ ಇರಲಿಲ್ಲ.

ನಾನು ಆ ಕಾಗದ ಬರೆಯುವಾಗಲೇ ನನಗೆ ಎಲ್ಲ ಗೊತ್ತಿತ್ತು. ನಿನ್ನ ಬಾಯಿಂದ ಬರಲಿ ಎಂದು ಕಾದೆ. ಈಗ ನಡೆದದ್ದನ್ನು ಕೇಳು.

ನಾಯಿ ಅಕ್ಕ ಬಂದ ಭಾನುವಾರ ನಾನು ಎಂದಿನಂತೆ ದೂರ ಇದ್ದೆ. ಎಲ್ಲರೂ ನಾಯಿಗಳ ಹತ್ತಿರ ಇದ್ದರು, ಚಾಪೆ ಖಾಲಿಯಿತ್ತು. ಸರಿ, ಅಭ್ಯಾಸ ಮಾಡೋಣ ಎಂದು ಕೈಮೇಲೆ ನಿಂತೆ. ಗುಬ್ಬಿಯ ತೊಡೆಯ ಮೇಲಿದ್ದ ಸಕ್ಕರೆ ಎಂಬ ನಾಯಿ ಎದ್ದು, ಎಲ್ಲರ ಕಾಲುಗಳ ಮಧ್ಯೆ ನುಗ್ಗಿ ಬಂದು, ನನ್ನ ಎದುರು ಕೂತಿತು. ಗುರಾಯಿಸಿತು. ಮೂಗು ನೆಕ್ಕಿತು. ನಾನು ಬಿದ್ದೆ. ಮೇಷ್ಟ್ರು ನನ್ನ ಮೇಲೆ ಬಿದ್ದರು. ಅವರು ಅಳುವ ಸದ್ದು ನಾನು ಅದುವರೆಗೆ ಕೇಳಿರಲಿಲ್ಲ.

ನಾಯಿ ಅಕ್ಕ ಓಡಿಬಂದು, "ಯಾವತ್ತೂ ಹೀಗೆ ಮಾಡಿದ್ದಿಲ್ಲ ಇದು. ನಿಂಗೆ ಗೊತ್ತಾ ಈ ನಾಯಿ?" ಎಂದು ಕೇಳಿದರು. ಗೊತ್ತು ಅಂದರೆ ಮುಂದಿನ ವಾರದಿಂದ ತರುವುದಿಲ್ಲ. ಗುಬ್ಬಿ ಹಿಂದೆಯೇ ನಿಂತಿದ್ದಳು, ಕೈಯಲ್ಲಿ ಅರ್ಧ ಬಿಸ್ಕತ್ತು. "ಗೊತ್ತಿಲ್ಲ" ಅಂದೆ. ಮನೆಯಲ್ಲಿ ಮಾಡುವ ಹಾಗೆ ಎರಡು ಬೆರಳು ತೋರಿಸಿದೆ, ಕೂತರು. ಗುಬ್ಬಿಯ ಕಡೆ ಕೈ ಮಾಡಿದೆ. ತಿರುಗಿ ತಿರುಗಿ ನೋಡುತ್ತ ಹೋದರು. ಹೋಗು ಅಂದವಳು ನಾನೇ. ಆದರೂ ಹೋದರಲ್ಲ ಎಂದು ಹೊಟ್ಟೆ ಉರಿಯಿತು.

ಆಮೇಲೆ ನಾಯಿ ಅಕ್ಕನ ಚೀಲ ಹೊರಲು ಸಹಾಯ ಮಾಡುತ್ತ, ಸಕ್ಕರೆ ಎಲ್ಲಿಂದ ಬಂತು ಎಂದು ಕೇಳಿದೆ. "ಒಬ್ರು ಟೈಲರಮ್ಮ ಕೊಟ್ರು. ನಮ್ಮ ನಾಯಿಗಳ ಅಂಗಿಯೆಲ್ಲ ಅವರ ಹತ್ರಾನೇ ಹೊಲಿಸೋದು. ಮಗಳು ಹೋಗಿ ಒಂದು ವಾರ ಆಗಿತ್ತಂತೆ" ಅಂದರು. ಒಂದು ವಾರ. ನಿನ್ನ ಮೊದಲ ಕಾಗದ ಬರುವ ಮೊದಲೇ.

ಹಾಗಾದರೆ ಆ ದಢೂತಿ ಗಿರಾಕಿಯೂ ಸುಳ್ಳೇ? ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಗುಬ್ಬಿ ಈಗಲೂ ಆ ಕಥೆ ಕೇಳುತ್ತಾಳೆ. ನಾನು ಹೇಳುತ್ತೇನೆ, ಏನು ಮಾಡಲಿ? ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಸುಳ್ಳು ಹೇಳುವುದು ಎಂದರೇನು ಎಂದು ಈಗ ತಿಳಿಯಿತು.

ಕೊಟ್ಟದ್ದಕ್ಕೆ ನನಗೆ ಇಷ್ಟು ಕೋಪವಿಲ್ಲ. ನಾನು ಬೀಳುವುದಿಲ್ಲ, ಏನಿದ್ದರೂ ಬರಿ ಎಂದು ಬಾಗಿಲು ತೆಗೆದಿಟ್ಟೆ. ನೀನು ಅದರ ಎದುರು ನಿಂತು, ನಾಯಿ ನನ್ನ ಕಾಲಬುಡದಲ್ಲಿದೆ ಅಂದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಲಿ? ನಾಳೆ ಈ ಊರು ಬಿಡುತ್ತೇವೆ.

ಮಗಳು

ಸೆಪ್ಟೆಂಬರ್ ೧೨

ಮಗಳೇ,

ನಿನ್ನ ಕಾಗದ ಓದಿ ಯಂತ್ರದ ಮುಂದೆ ಕೂತೇ ಇದ್ದೆ. ಮಾಲೀಕರು ಅಂಗಡಿಯ ಬಾಗಿಲು ಅರ್ಧ ಎಳೆದರು.

ದೊಡ್ಡಮ್ಮನ ಚೀಟಿಯ ಮೇಲೆ ತಪ್ಪು ಹೊರಿಸುವುದಿಲ್ಲ. ಅದು ಬರುವ ಮೊದಲೇ ಕೊಟ್ಟಾಗಿತ್ತು; ಚೀಟಿ ಬಂದಾಗ ಬದುಕಿದೆ ಅನ್ನಿಸಿತು, ಹೇಳದಿರಲು ಒಂದು ನೆಪ ಸಿಕ್ಕಿತು. ನೀನು ಹೋದ ಮೇಲೆ ಮೇಷ್ಟ್ರು ಬಾಗಿಲು ಬಿಟ್ಟು ಏಳಲಿಲ್ಲ. ತಿನ್ನಲಿಲ್ಲ. ನಾನು ಕೆಲಸಕ್ಕೆ ಹೋದ ಮೇಲೆ ಇಡೀ ದಿನ ಊಳಿಡುತ್ತಿದ್ದರಂತೆ. ಕೆಳಗಿನವರು ಮನೆಯ ಯಜಮಾನರಿಗೆ ಹೇಳಿದರು, ಯಜಮಾನರು ನಾಯಿ ಇರಬೇಕು ಇಲ್ಲ ನೀವಿರಬೇಕು ಅಂದರು.

ಇಷ್ಟೇ ಆಗಿದ್ದರೆ ಬೇರೆ ಮನೆ ಹುಡುಕಬಹುದಿತ್ತು. ನಿಜ ಹೇಳುತ್ತೇನೆ. ಸಂಜೆ ಬೀಗ ತೆಗೆದರೆ ಅವರು ನನ್ನ ಹಿಂದೆ ಇಣುಕಿ ನೋಡುತ್ತಿದ್ದರು, ನೀನು ಬಂದೆಯೋ ಎಂದು. ನಾನೊಬ್ಬಳೇ ಎಂದು ಗೊತ್ತಾದ ಮೇಲೆ ಅವರ ಮುಖ ಬೀಳುತ್ತಿತ್ತಲ್ಲ, ಅದನ್ನು ದಿನವೂ ನೋಡಲು ನನ್ನಿಂದ ಆಗಲಿಲ್ಲ. ನಾನು ಕಾಯುವುದೇ ಒಂದು ಮನೆಗೆ ಸಾಕಾಗಿತ್ತು. ಅಂಗಿ ಹೊಲಿಸಲು ಬಂದ ಆ ಹೆಂಗಸು, "ಇಂಥ ಸಾಧು ನಾಯಿ ನಮಗೆ ಬೇಕಿತ್ತು" ಅಂದಳು. ನಿನ್ನ ಅಂಗಿಯ ವಾಸನೆ ಅವರ ಜೊತೆಗಿರಲಿ ಎಂದು ಅದರಲ್ಲೇ ಹೊಲಿದುಕೊಟ್ಟೆ.

ಆಮೇಲೆ ನೀನು ಕೇಳುತ್ತ ಹೋದೆ, ನಾನು ಬರೆಯುತ್ತ ಹೋದೆ. ಬರೆಯುವಾಗ ಅವರು ನನ್ನ ಮನೆಯಲ್ಲೂ ಇದ್ದ ಹಾಗಾಗುತ್ತಿತ್ತು. ಕೊನೆಯ ಕಾಗದ ಮಾತ್ರ ಬೇಕೆಂದೇ ಮಾಡಿದ ಮೋಸ. ಹೆದರಿಕೆಯಿಂದ ಮಾಡಿದೆ. ಕ್ಷಮಿಸು ಎಂದು ಕೇಳುವ ಬಾಯಿ ಇಲ್ಲ, ಆದರೂ ಕೇಳುತ್ತೇನೆ.

ಒಂದು ಸಾಲು ಬರಿ.

ಅಮ್ಮ

ಅಕ್ಟೋಬರ್ ೧೦

ನನ್ನ ಕೋತಿಗೆ,

ಮೂರು ಕಾಗದ ಹಾಕಿದೆ, ಉತ್ತರವಿಲ್ಲ. ನಿನ್ನೆ ದೊಡ್ಡಮ್ಮ ಅಂಗಡಿಗೆ ಫೋನ್ ಮಾಡಿದ್ದರು. ನೀನು ಹಲಗೆಯಿಂದ ಬಿದ್ದೆಯಂತೆ, ಎಡಗೈಗೆ ಪ್ಲಾಸ್ಟರ್ ಹಾಕಿದ್ದಾರಂತೆ. "ಕೈಮೇಲೆ ನಿಂತಿದ್ದಳು, ಎದುರುಗಡೆ ಏನು ಕಾಣಿಸಲಿಲ್ವೋ ಏನೋ" ಅಂದರು. ಅವರಿಗೆ ಅರ್ಥವಾಗಿರಲಿಕ್ಕಿಲ್ಲ. ನನಗಾಯಿತು.

ಬರಲೇ ಎಂದು ಕೇಳಿದೆ. "ಬರೋದು ಬೇಡ ಅಂತ ಅವಳೇ ಹೇಳಿದ್ದಾಳೆ" ಅಂದರು.

ಈಗ ಹೇಳುವುದನ್ನು ನೀನು ನಂಬುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನೀವು ಆ ಊರು ಬಿಟ್ಟ ಮೇಲೆ ಮೇಷ್ಟ್ರು ರಂಗಮಂದಿರದ ಬಾಗಿಲಿಗೆ ಹೋಗಿ ಕೂತರಂತೆ. ಬೇರೆ ಮಕ್ಕಳ ಹತ್ತಿರ ಹೋಗಲೇ ಇಲ್ಲವಂತೆ. ಭೇಟಿಯ ಕೆಲಸಕ್ಕೆ ಇನ್ನಾಗದು ಎಂದು ನಾಯಿ ಅಕ್ಕ ವಾಪಸು ತಂದು ಕೊಟ್ಟಳು. ನಾನು ಆ ಮನೆ ಬಿಟ್ಟೆ. ಅಂಗಡಿಯ ಹಿಂದಿನ ಕೋಣೆಗೆ ಬಂದಿದ್ದೇನೆ, ನಿನ್ನ ಮಂಚವನ್ನೂ ಇಲ್ಲೇ ಹಾಕಿದ್ದೇನೆ. ಮೇಷ್ಟ್ರು ನಿನ್ನ ಮಂಚದ ಕೆಳಗೆ ಮಲಗಿದ್ದಾರೆ. ಇದೇ ಸಾಲನ್ನು ಎಷ್ಟು ಸಲ ಬರೆದಿದ್ದೇನೆ. ನಿಜವಾದದ್ದನ್ನು ಹೇಳಲು ನನ್ನ ಹತ್ತಿರ ಬೇರೆ ಮಾತೇ ಉಳಿದಿಲ್ಲ. ಅದಕ್ಕೇ ಅವರ ಮುಂಗಾಲನ್ನು ಶಾಯಿಗೆ ಅದ್ದಿ ಕೆಳಗೆ ಒತ್ತಿದ್ದೇನೆ, ನೋಡು.

ಬೈಯಾದರೂ ಬೈ. ಕೈ ನೋಯುತ್ತದೆ ಎಂದು ಬರಿ. ಸೂಪು ನೀರು ಎಂದು ಬರಿ. ಒಂದು ದೂರು ಬರಿ, ಸಾಕು.

ನಿನ್ನ ಅಮ್ಮ

ಅಕ್ಟೋಬರ್ ೨೪

ಪ್ರೀತಿಯ ಅಮ್ಮನವರಿಗೆ,

ನಾನು ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇನೆ.

ಕೈ ಸ್ವಲ್ಪವೂ ನೋಯುತ್ತಿಲ್ಲ. ಬಿದ್ದದ್ದು ದೊಡ್ಡ ವಿಷಯವೇನಲ್ಲ, ಎಲ್ಲರೂ ನಕ್ಕೆವು. ಇಲ್ಲಿ ಊಟ ತುಂಬಾ ಚೆನ್ನಾಗಿದೆ, ಸೂಪಿನಲ್ಲಿ ಬೇಕಾದಷ್ಟು ಆಲೂಗಡ್ಡೆ ಇರುತ್ತದೆ. ಸ್ನಾನಕ್ಕೆ ಬಿಸಿನೀರು ಇದೆ. ಮಂಚ ಅಲುಗಾಡುವುದಿಲ್ಲ. ಗುಬ್ಬಿ ಅಳುವುದನ್ನು ಬಿಟ್ಟಿದ್ದಾಳೆ. ಯಾರಿಗೂ ಮನೆಯ ನೆನಪಾಗುವುದಿಲ್ಲ. ತಂಡದವರು ಇನ್ನೂ ಎರಡು ವರ್ಷ ಇರು ಎಂದು ಕೇಳಿದ್ದಾರೆ, ಆಗಲಿ ಅಂದಿದ್ದೇನೆ. ನೀವು ಯೋಚನೆ ಮಾಡಬೇಡಿ.

ಕಾಲಿನ ಗುರುತು ಬಹಳ ಚೆನ್ನಾಗಿ ಬಂದಿದೆ. ಕೈಕೆಲಸದಲ್ಲಿ ನೀವು ಮೊದಲಿನಿಂದಲೂ ಜಾಣರು.

ಮೇಷ್ಟ್ರ ಬಗ್ಗೆ ಬರೆದಿದ್ದೀರಿ. ಅವರು ಚೆನ್ನಾಗಿದ್ದಾರೆ, ಸ್ವಲ್ಪ ದಪ್ಪಗಾಗಿದ್ದಾರೆ. ಇದನ್ನು ಬರೆಯುತ್ತಿರುವಾಗಲೂ ಇಲ್ಲಿ ನನ್ನ ಮಂಚದ ಕೆಳಗೇ ಮಲಗಿದ್ದಾರೆ.

ಇಂತಿ,
ನಿಮ್ಮ ಮಗಳು